ತೀವ್ರ ಆಸ್ತಮಾ ಮತ್ತು ಸ್ಟೀರಾಯ್ಡ್ ಮಾತ್ರೆ: ವ್ರತ ಹಿಡಿಯುವ ಶ್ರಾವಕರು ತಿಳಿದಿರಬೇಕಾದ ಸಂಗತಿಗಳು

ಭಾದ್ರಪದ ಮಾಸ ಹತ್ತಿರವಾದಂತೆ ಆಸ್ತಮಾ ಇರುವ ಜೈನ ಕುಟುಂಬಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಶಲಕ್ಷಣ ಪರ್ವದ ಹತ್ತು ದಿನ ಮಾತ್ರೆ ನಿಲ್ಲಿಸಿದರೆ ಏನಾದೀತು? ಕೆಲವರು ವೈದ್ಯರನ್ನು ಕೇಳುತ್ತಾರೆ. ಕೆಲವರು ಯಾರನ್ನೂ ಕೇಳದೆ, ಪಂಚಮಿಯ ಹಿಂದಿನ ದಿನವೇ ಮಾತ್ರೆಯ ಡಬ್ಬಿಯನ್ನು ಬೀರುವಿನೊಳಗೆ ಇಟ್ಟುಬಿಡುತ್ತಾರೆ. ಸಾಮಾನ್ಯ ವಿಟಮಿನ್ ಮಾತ್ರೆಯನ್ನು ಹತ್ತು ದಿನ ಬಿಟ್ಟರೆ ಕೆಡುಕೇನೂ ಇಲ್ಲ. ಆದರೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು. ಇನ್ನೊಂದು ಕಡೆ, ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ಇನ್ಹೇಲರನ್ನೂ ಮುಟ್ಟದೆ ವರ್ಷಗಟ್ಟಲೆ ಉಬ್ಬಸದಲ್ಲಿ ನರಳುವವರೂ ಇದ್ದಾರೆ. ಈ ಎರಡೂ ತಪ್ಪುಗಳ ಬೇರು ಒಂದೇ. ಒಂದೇ ಹೆಸರಿನಲ್ಲಿ ಕರೆಯಲಾಗುವ ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಒಂದು ಹೆಸರು, ಎರಡು ಔಷಧ

ಆಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ನೆಗಡಿ, ತಣ್ಣನೆ ಗಾಳಿ ಯಾವುದಾದರೂ ತಾಗಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಮನೆಮನೆಯಲ್ಲಿ ಕಾಣುವ ನೀಲಿ ಪಂಪ್, ಅಂದರೆ ಸಾಲ್ಬ್ಯುಟಮಾಲ್, ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ; ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್. ಹಾಗಾಗಿ ನೀಲಿ ಪಂಪ್ ಒಂದನ್ನೇ ನಂಬಿದವರಿಗೆ ತಕ್ಷಣ ಹಾಯೆನಿಸಿದರೂ ಒಳಗಿನ ಕಾಯಿಲೆ ಬೆಳೆಯುತ್ತಲೇ ಇರುತ್ತದೆ. ಆಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ನೀಡುವ ಗಿನಾ ಸಂಸ್ಥೆ 2019ರಿಂದ, ದೊಡ್ಡವರು ಮತ್ತು ಹದಿಹರೆಯದವರು ನೀಲಿ ಪಂಪ್ ಒಂದರಿಂದಲೇ ಆಸ್ತಮಾ ನಿಭಾಯಿಸಬಾರದು ಎಂದು ಹೇಳುತ್ತಿದೆ. ವರ್ಷಕ್ಕೆ 200 ಡೋಸ್‌ನ ಮೂರು ಅಥವಾ ಹೆಚ್ಚು ನೀಲಿ ಪಂಪ್ ಖಾಲಿಯಾಗುತ್ತಿದ್ದರೆ ದೊಡ್ಡ ಉಬ್ಬಸದ ಅಪಾಯ ಹೆಚ್ಚು. ತಿಂಗಳಿಗೊಂದರಂತೆ ಖಾಲಿಯಾದರೆ ಸಾವಿನ ಅಪಾಯವೂ ಹೆಚ್ಚುತ್ತದೆ. ಮೆಡಿಕಲ್ ಅಂಗಡಿಯ ಬಿಲ್ಲುಗಳನ್ನು ಎಣಿಸಿದರೆ ಇದು ಯಾರಿಗಾದರೂ ತಿಳಿಯುವ ಲೆಕ್ಕ.

ಸ್ಟೀರಾಯ್ಡ್ ದೇಹಕ್ಕೆ ಹೊಸತಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಸ್ಟೀರಾಯ್ಡನ್ನು ದಿನವೂ ತಯಾರಿಸುತ್ತವೆ, ಬೆಳಗಿನ ಜಾವ ಹೆಚ್ಚು, ರಾತ್ರಿ ಕಡಿಮೆ. ಇದೇ ಬಗೆಯ ಕಾರ್ಟಿಸೋನನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1948ರಲ್ಲಿ ಸಂಧಿವಾತದ ರೋಗಿಗೆ ಮೊದಲು ಕೊಡಲಾಯಿತು. ಎರಡೇ ವರ್ಷದಲ್ಲಿ ಅದರ ಹಿಂದಿದ್ದ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಆಸ್ತಮಾಕ್ಕೂ ಮಾತ್ರೆ ಬಂತು, ಜೀವಗಳು ಉಳಿದವು. ಆದರೆ ವರ್ಷಗಟ್ಟಲೆ ನುಂಗಿದವರ ಮುಖ ಊದಿತು, ಮೂಳೆ ಸವೆಯಿತು. ಸ್ಟೀರಾಯ್ಡ್ ಎಂದರೆ ಜನರಿಗೆ ಇಂದಿಗೂ ಇರುವ ಭಯ ಆ ಕಾಲದ್ದು, ಮತ್ತು ಅದು ಸುಳ್ಳು ಭಯವಲ್ಲ.

1970ರ ದಶಕದ ಆರಂಭದಲ್ಲಿ ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಬಳಕೆಗೆ ಬಂದಾಗ ಲೆಕ್ಕ ಬದಲಾಯಿತು. ಪ್ರಮಾಣವನ್ನೇ ನೋಡಿ. ಬ್ಯೂಡೆಸೊನೈಡ್ ಇರುವ ಸಾಮಾನ್ಯ ಇನ್ಹೇಲರ್‌ನ ಒಂದು ಡೋಸ್ 200 ಮೈಕ್ರೋಗ್ರಾಂ. ದಿನಕ್ಕೆ ನಾಲ್ಕು ಡೋಸ್ ಎಳೆದರೂ ಒಟ್ಟು 0.8 ಮಿಲಿಗ್ರಾಂ. ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂವರೆಗೂ ಹೋಗುತ್ತದೆ. ಎರಡೂ ಬೇರೆ ಬೇರೆ ರಾಸಾಯನಿಕಗಳಾದ್ದರಿಂದ ಅಂಕಿಗಳನ್ನು ನೇರವಾಗಿ ತೂಗುವಂತಿಲ್ಲ. ಮುಖ್ಯ ವ್ಯತ್ಯಾಸ ದಾರಿಯದ್ದು. ಇನ್ಹೇಲರ್‌ನ ಮದ್ದು ಶ್ವಾಸನಾಳಕ್ಕೇ ಇಳಿಯುತ್ತದೆ. ಗಂಟಲಲ್ಲಿ ಉಳಿದು ಹೊಟ್ಟೆಗೆ ಹೋದದ್ದರ ಬಹುಪಾಲನ್ನು ಪಿತ್ತಜನಕಾಂಗ ರಕ್ತಕ್ಕೆ ಸೇರುವ ಮೊದಲೇ ಕೆಡಿಸಿಬಿಡುತ್ತದೆ. ಮಾತ್ರೆಯಾದರೆ ರಕ್ತದ ಮೂಲಕ ಮೂಳೆ, ಕಣ್ಣು, ಚರ್ಮ, ಮನಸ್ಸು ಎಲ್ಲವನ್ನೂ ತಲುಪುತ್ತದೆ.

ಇನ್ಹೇಲರ್‌ಗೂ ಅಡ್ಡಪರಿಣಾಮಗಳಿವೆ. ಬಾಯಲ್ಲಿ ಬಿಳಿ ಅಗ್ರ, ಧ್ವನಿ ಒರಟಾಗುವುದು ಸಾಮಾನ್ಯ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅದರ ಬಹುಪಾಲು ತಪ್ಪುತ್ತದೆ. ವರ್ಷಗಟ್ಟಲೆ ಬಳಸಿದ ಮಕ್ಕಳ ಅಂತಿಮ ಎತ್ತರ ಸರಾಸರಿ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು ಎಂದು ಅಮೆರಿಕದ ದೀರ್ಘ ಅಧ್ಯಯನವೊಂದು ತೋರಿಸಿದೆ. ಹೆಚ್ಚಿನ ಡೋಸನ್ನು ಬಹುಕಾಲ ಬಳಸಿದರೆ ದೊಡ್ಡವರಲ್ಲೂ ಮೂಳೆ, ಕಣ್ಣುಗಳ ಕಡೆ ಗಮನ ಬೇಕು. ಆದರೂ ಇನ್ಹೇಲರನ್ನು ಬಿಟ್ಟವರೇ ಮುಂದೆ ಮಾತ್ರೆಯ ಕೈಗೆ ಸಿಗುವುದು. ಸ್ಟೀರಾಯ್ಡ್‌ಗೆ ಹೆದರುವವರು ಹೆದರಬೇಕಾದದ್ದು ಮಾತ್ರೆಗೆ. ಅದರಿಂದ ದೂರವಿಡುವ ಸಾಧನವೇ ಇನ್ಹೇಲರ್.

'ತೀವ್ರ' ಎಂದು ಕರೆಯುವ ಮೊದಲು

ಹೆಚ್ಚಿನ ಡೋಸ್‌ನ ಇನ್ಹೇಲರನ್ನು ಸರಿಯಾಗಿ, ತಪ್ಪದೆ ಬಳಸಿದರೂ ಹತೋಟಿಗೆ ಬಾರದ ಆಸ್ತಮಾವನ್ನು ವೈದ್ಯರು ತೀವ್ರ ಆಸ್ತಮಾ ಎನ್ನುತ್ತಾರೆ. ಸಾಮಾನ್ಯ ಅಂದಾಜಿನಂತೆ ಇಂಥವರು ಆಸ್ತಮಾ ಇರುವ ನೂರರಲ್ಲಿ 5ರಿಂದ 10 ಮಂದಿ. ತಮ್ಮದು ತೀವ್ರ ಎಂದುಕೊಂಡಿರುವವರಲ್ಲಿ ಅನೇಕರದ್ದು ನಿಜವಾಗಿ ಸರಿಯಾಗಿ ಚಿಕಿತ್ಸೆಯಾಗದ ಆಸ್ತಮಾ. ಅನಿಲದ ಪಂಪನ್ನು ನಿಧಾನವಾಗಿ ಎಳೆಯಬೇಕು, ಕ್ಯಾಪ್ಸೂಲ್ ಹಾಕಿ ಬಳಸುವ ಪುಡಿಯ ಸಾಧನವನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಇದನ್ನು ಅದಲುಬದಲು ಮಾಡುವವರು ಎಷ್ಟೋ ಜನ. ಎಳೆದ ಮೇಲೆ ಹತ್ತು ಸೆಕೆಂಡ್ ಉಸಿರು ಹಿಡಿಯದಿದ್ದರೆ ಮದ್ದು ಹೊರಗೇ ಬರುತ್ತದೆ. ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ವಯಸ್ಸಾದವರಿಗೂ ಮಕ್ಕಳಿಗೂ ಸುಲಭ. ಆದ್ದರಿಂದ ದೀರ್ಘಕಾಲದ ಮಾತ್ರೆಗೆ ಒಪ್ಪುವ ಮೊದಲು ಇನ್ಹೇಲರ್ ಕೈಯಲ್ಲಿ ಹಿಡಿದು ವೈದ್ಯರ ಎದುರಿಗೇ ಎಳೆದು ತೋರಿಸುವುದು ಒಳ್ಳೆಯದು.

ಎರಡನೆಯದು, ಸುತ್ತಲಿನ ಪರಿಸರ. ಸಮಾಜದ ಎಷ್ಟೋ ಮನೆಗಳ ಜೀವನ ದಿನಸಿ ಮಂಡಿ, ಮೆಣಸಿನಕಾಯಿ ವ್ಯಾಪಾರ, ಹತ್ತಿ, ಬಟ್ಟೆ ಅಂಗಡಿಗಳ ಮೇಲೆ ನಿಂತಿದೆ. ಬೆಳಗಾವಿ ಕಡೆಯ ಒಕ್ಕಲು ಮನೆಗಳಲ್ಲಿ ಕಬ್ಬು, ಆಲೆಮನೆಯ ಹೊಗೆ. ಧಾನ್ಯದ ಧೂಳು ಆಸ್ತಮಾ ಕೆರಳಿಸುವ ಹೆಸರಾಂತ ಕಾರಣಗಳಲ್ಲಿ ಒಂದು. ಭಾನುವಾರ ಅಂಗಡಿ ಮುಚ್ಚಿದಾಗ ಉಸಿರು ಹಗುರವಾಗಿ ಸೋಮವಾರ ಸಂಜೆಗೆ ಮತ್ತೆ ಬಿಗಿಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಬಸದಿಯಲ್ಲಿ ಧೂಪ, ಮನೆಯಲ್ಲಿ ಊದುಬತ್ತಿ, ಕರ್ಪೂರದ ಆರತಿ ಕೂಡ ಹೊಗೆಯೇ. ಪೂಜೆ ಬಿಡಬೇಕಾಗಿಲ್ಲ; ಧೂಪಾರ್ಚನೆಯ ಹೊತ್ತಿಗೆ ಗರ್ಭಗೃಹದ ಮುಂದಿನಿಂದ ನವರಂಗಕ್ಕೋ ಹೊರಗಿನ ಜಗಲಿಗೋ ಬಂದು ಕುಳಿತರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಾಸಿಗೆಯ ಧೂಳುಹುಳ ಮತ್ತು ಜಿರಲೆಯ ವಿಷಯದಲ್ಲಿ ಜೈನ ಮನೆಗಳಿಗೆ ಸಂಕೋಚವಿದೆ. ಅವನ್ನು ಕೊಲ್ಲುವ ಸ್ಪ್ರೇಗಳು ಹೇಗೂ ಆಸ್ತಮಾ ಕೆರಳಿಸುವಂಥವು. ಅವು ಹುಟ್ಟದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ. ಹಾಸಿಗೆ, ದಿಂಬನ್ನು ಒಣಗಿದ ಜಾಗದಲ್ಲಿಡುವುದು, ಒತ್ತು ನೇಯ್ಗೆಯ ಗವಸು ಹಾಕುವುದು, ತಿಂಡಿಯನ್ನು ಮುಚ್ಚಿಡುವುದು, ಗೋಡೆಯ ತೇವ ನಿಲ್ಲಿಸುವುದು. ಜೀವೋತ್ಪತ್ತಿಯಾಗದಂತೆ ಮನೆ ಒಣಗಿರಬೇಕು ಎಂದು ಅಜ್ಜಿಯರು ಹೇಳುತ್ತಿದ್ದದ್ದು ಇಲ್ಲಿ ಅಲರ್ಜಿ ತಜ್ಞರ ಮಾತೂ ಹೌದು.

ಮೂರನೆಯದು, ಬೇರೆ ಕಾಯಿಲೆ ಅಡಗಿದೆಯೇ ಎಂಬ ಪರೀಕ್ಷೆ. ನಮ್ಮ ದೇಶದ ತೀವ್ರ ಆಸ್ತಮಾ ರೋಗಿಗಳಲ್ಲಿ ಆಸ್ಪರ್ಜಿಲಸ್ ಎಂಬ ಬೂಸ್ಟಿಗೆ ಶ್ವಾಸಕೋಶ ತೋರುವ ಅಲರ್ಜಿ ಕಡಿಮೆಯೇನಲ್ಲ. ಕಂದು ಬಣ್ಣದ ಗಟ್ಟಿ ಕಫ, ರಕ್ತದಲ್ಲಿ ಬಹಳ ಏರಿದ ಐಜಿಇ ಇದರ ಸುಳಿವು. ಇದಕ್ಕೆ ಚಿಕಿತ್ಸೆಯೇ ಬೇರೆ. ಮೂಗಿನ ದುರ್ಮಾಂಸ, ಹುಳಿತೇಗು, ನಿದ್ರೆಯಲ್ಲಿ ಉಸಿರು ಕಟ್ಟುವುದು, ಬಿಪಿಗೆ ಅಥವಾ ಎದೆಬಡಿತಕ್ಕೆ ಕೊಡುವ ಕೆಲವು ಮಾತ್ರೆಗಳು ಕೂಡ ಆಸ್ತಮಾವನ್ನು ಹತೋಟಿ ತಪ್ಪಿಸುತ್ತವೆ.

ತೂಗುವುದು ಹೇಗೆ

ಇಷ್ಟೆಲ್ಲ ಆದ ಮೇಲೂ ಉಬ್ಬಸ ನಿಲ್ಲದಿದ್ದರೆ ಸ್ಟೀರಾಯ್ಡ್ ಮಾತ್ರೆಯ ಪ್ರಶ್ನೆ ಬರುತ್ತದೆ. ಉದಾಹರಣೆಗೆ, ಐವತ್ತೆರಡು ವರ್ಷದ ಒಬ್ಬ ಶ್ರಾವಿಕೆಗೆ ವರ್ಷದಲ್ಲಿ ಐದು ಬಾರಿ ದೊಡ್ಡ ಉಬ್ಬಸ ಬರುತ್ತದೆ ಎಂದುಕೊಳ್ಳಿ. ಪ್ರತಿ ಸಲ 40 ಮಿಲಿಗ್ರಾಂನಂತೆ ಐದು ದಿನ ಮಾತ್ರೆ. ಒಂದು ಸಲಕ್ಕೆ 200, ಐದು ಸಲಕ್ಕೆ 1,000 ಮಿಲಿಗ್ರಾಂ. ಅದರ ಬದಲು ದಿನಕ್ಕೆ 5 ಮಿಲಿಗ್ರಾಂ ನಿತ್ಯ ಕೊಟ್ಟರೆ ವರ್ಷಕ್ಕೆ 1,825, 7.5 ಮಿಲಿಗ್ರಾಂ ಆದರೆ 2,700ಕ್ಕೂ ಹೆಚ್ಚು. ಜೀವಮಾನದಲ್ಲಿ ಒಟ್ಟು ಅರ್ಧದಿಂದ ಒಂದು ಗ್ರಾಂ ಸೇರಿದಾಗಲೇ ಮೂಳೆ ಸವೆತ, ಮಧುಮೇಹ, ಕಣ್ಣಿನ ಪೊರೆಯಂಥ ತೊಂದರೆಗಳ ಅಪಾಯ ಏರತೊಡಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಅಂದರೆ 'ಆಗಾಗ ಐದು ದಿನದ ಕೋರ್ಸ್ ಅಷ್ಟೇ' ಎನ್ನುವುದೂ ಲೆಕ್ಕವಿಲ್ಲದ ಮಾತಲ್ಲ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದು ನುಂಗಿದ ಕೋರ್ಸ್‌ಗಳನ್ನೂ ಇದರೊಳಗೆ ಸೇರಿಸಬೇಕು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಉಸಿರೇ. ಐಸಿಯು ಕಂಡು ಬಂದವರಿಗೆ, ವೆಂಟಿಲೇಟರ್ ಹಾಕಿಸಿಕೊಂಡವರಿಗೆ ಮುಂದಿನ ಉಬ್ಬಸ ಕೊನೆಯದಾಗುವ ಅಪಾಯ ಉಳಿದವರಿಗಿಂತ ಹೆಚ್ಚು. ಮೆಟ್ಟಿಲು ಹತ್ತಲಾರದೆ, ರಾತ್ರಿ ಕುಳಿತೇ ಬೆಳಗು ಮಾಡುವ, ಸಾಮಾಯಿಕಕ್ಕೂ ಕೂರಲಾರದ ಬದುಕಿಗೂ ಬೆಲೆಯಿದೆ. ಇಂಥವರಿಗೆ ಕಡಿಮೆ ಡೋಸ್‌ನ ಮಾತ್ರೆ ನಿಜಕ್ಕೂ ನೆಮ್ಮದಿ ಕೊಡಬಹುದು. ಆದರೆ ಮಾರ್ಗಸೂಚಿಗಳು ಇದನ್ನು ಬೇರೆಲ್ಲ ದಾರಿ ಮುಗಿದ ಮೇಲಿನ ಕೊನೆಯ ಉಪಾಯವಾಗಿ, ಸಾಧ್ಯವಾದಷ್ಟು ಕಡಿಮೆ ಡೋಸ್‌ನಲ್ಲಿ ಮಾತ್ರ ಇಟ್ಟಿವೆ.

ಒಪ್ಪಿಕೊಂಡವರು ಶುರುವಿನಲ್ಲೇ ಕೆಲವು ಪರೀಕ್ಷೆ ಮಾಡಿಸಿಡುವುದು ಕ್ಷೇಮ. ಮೂಳೆಯ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್, ಕಣ್ಣಿನ ಒತ್ತಡ ಮತ್ತು ಪೊರೆ, ಬಿಪಿ, ತೂಕ, ಎದೆಯ ಎಕ್ಸ್‌ರೇ. ಹಳೆಯ ಕ್ಷಯ ಒಳಗೆ ಮಲಗಿದ್ದರೆ ಸ್ಟೀರಾಯ್ಡ್ ಅದನ್ನು ಎಬ್ಬಿಸಬಹುದು. ಸಕ್ಕರೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೋಲೋನ್ ಸಕ್ಕರೆಯನ್ನು ಏರಿಸುವುದು ಹೆಚ್ಚಾಗಿ ಮಧ್ಯಾಹ್ನ, ಸಂಜೆ. ಬರಿಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದರೆ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ಮಧ್ಯಾಹ್ನದ ಊಟದ ಎರಡು ಗಂಟೆಯ ನಂತರದ್ದನ್ನು ನೋಡಬೇಕು. ಸೊಂಟದ ಕೀಲಿನಲ್ಲಿ ಬಿಡದ ನೋವು ಬಂದರೆ ವಯಸ್ಸಿನ ನೋವೆಂದು ತಳ್ಳಿಹಾಕದೆ ತೋರಿಸಬೇಕು. ನಿದ್ರೆಗೆಡುವುದು, ಸಿಟ್ಟು, ಖಿನ್ನತೆ ಬಂದರೆ ಅದು ಸ್ವಭಾವದ ದೋಷವಲ್ಲ, ಮಾತ್ರೆಯದೂ ಇರಬಹುದು ಎಂದು ಮನೆಯವರು ತಿಳಿದಿರಬೇಕು.

ಮೂಳೆಗೆ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು ಇದ್ದೇ ಇವೆ. ಡಿ ವಿಟಮಿನ್ ಮಾತ್ರ ಆಹಾರದಿಂದ ಸಾಲುವುದಿಲ್ಲ, ವೈದ್ಯರು ಬರೆದುಕೊಟ್ಟದ್ದೇ ಬೇಕಾಗುತ್ತದೆ.

ಒಮ್ಮೆಗೇ ಏಕೆ ನಿಲ್ಲಿಸಬಾರದು

ದೇಹ ದಿನಕ್ಕೆ ತಯಾರಿಸುವ ಕಾರ್ಟಿಸೋಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ಹೊರಗಿನಿಂದ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸುತ್ತವೆ. ಐದಾರು ದಿನದ ಕೋರ್ಸ್‌ನಿಂದ ಹಾಗಾಗುವುದಿಲ್ಲ. ಮೂರು ವಾರ ದಾಟಿದರೆ ಹಾಗಾಗಿರಬಹುದು ಎಂದೇ ಎಣಿಸಬೇಕು. ನಿದ್ರೆಗೆ ಜಾರಿದ ಗ್ರಂಥಿ ಮತ್ತೆ ಎಚ್ಚರಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಅದಕ್ಕೇ.

ಈ ಸ್ಥಿತಿಯಲ್ಲಿ ಒಮ್ಮೆಗೇ ಮಾತ್ರೆ ನಿಂತರೆ ಜ್ವರ, ವಾಂತಿ, ಉಪವಾಸ, ಶಸ್ತ್ರಚಿಕಿತ್ಸೆ ಇಂಥ ಯಾವುದೇ ಹೊರೆಯನ್ನೂ ದೇಹ ತಾಳಲಾರದು. ತೀರಾ ನಿಶ್ಶಕ್ತಿ, ಹೊಟ್ಟೆನೋವು, ವಾಂತಿ, ಎದ್ದರೆ ತಲೆಸುತ್ತು, ಬಿಪಿ ಕುಸಿತ, ಸಕ್ಕರೆ ಇಳಿತ, ಕೊನೆಗೆ ಪ್ರಜ್ಞೆ ತಪ್ಪುವುದು. ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಇದರ ಮೊದಲರ್ಧ ಉಪವಾಸದ ಮೂರನೆಯ ದಿನ ಯಾರಲ್ಲಾದರೂ ಕಾಣಬಹುದಾದ ಆಯಾಸದಂತೆಯೇ ಇದೆ. 'ವ್ರತದ ಸುಸ್ತು, ಪಾರಣೆಯಾದರೆ ಸರಿಹೋಗುತ್ತದೆ' ಎಂದು ಮನೆಯವರು ಕಾಲು ಒತ್ತುತ್ತಾ ಕೂರುತ್ತಾರೆ. ಸ್ಟೀರಾಯ್ಡ್ ಬಳಸುವವರಲ್ಲಿ ಅದು ಹಾಗಲ್ಲದೆಯೂ ಇರಬಹುದು. ನೀರನ್ನೂ ಬಿಟ್ಟ ಉಪವಾಸದಲ್ಲಿ ಅಪಾಯ ಇನ್ನೂ ಬೇಗ ಬರುತ್ತದೆ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು, ಇವರು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರು, ಇಷ್ಟು ದಿನದಿಂದ ನಿಂತಿದೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಗ ಸಿಕ್ಕರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ.

ಪರ್ವ, ನೋಂಪಿ, ಚೌವಿಹಾರ

ಹಾಗೆಂದು ವ್ರತಾಚರಣೆಯೇ ಬೇಡ ಎಂದಲ್ಲ. ಹೊಂದಿಸಿಕೊಳ್ಳಲು ಸಾಕಷ್ಟು ಜಾಗವಿದೆ, ಮತ್ತು ಅದನ್ನು ಪರ್ವಕ್ಕೆ ತಿಂಗಳ ಮೊದಲೇ ಮಾಡಬೇಕು.

ರಾತ್ರಿಭೋಜನ ತ್ಯಾಗ, ಚೌವಿಹಾರ ಪಾಲಿಸುವವರಿಗೆ ಇನ್ಹೇಲರ್ ಅಡ್ಡಿಯಾಗಬೇಕಿಲ್ಲ. ದಿನಕ್ಕೆರಡು ಬಾರಿ ಎಳೆಯುವ ಇನ್ಹೇಲರ್‌ಗೆ ಹನ್ನೆರಡು ಗಂಟೆಯ ಅಂತರ ಬೇಕು. ಕರ್ನಾಟಕದಲ್ಲಿ ಹಗಲು ವರ್ಷವಿಡೀ ಸುಮಾರು 11ರಿಂದ 13 ಗಂಟೆಯ ನಡುವೆಯೇ ಇರುವುದರಿಂದ ಸೂರ್ಯೋದಯದ ನಂತರ ಒಂದು, ಸೂರ್ಯಾಸ್ತದ ಮೊದಲು ಒಂದು ಎಂದು ಇಟ್ಟುಕೊಂಡರೆ ಲೆಕ್ಕ ತಾನಾಗಿ ಕೂಡಿಬರುತ್ತದೆ. ಬಾಯಿ ಮುಕ್ಕಳಿಸುವುದೂ ಹಗಲಿನಲ್ಲೇ ಮುಗಿಯುತ್ತದೆ. ಪ್ರೆಡ್ನಿಸೋಲೋನ್ ಮಾತ್ರೆಯನ್ನೂ ಸಾಮಾನ್ಯವಾಗಿ ದಿನಕ್ಕೊಮ್ಮೆ, ಬೆಳಿಗ್ಗೆ ಆಹಾರದ ಜೊತೆಗೇ ಕೊಡುವುದು. ಸಂಜೆ ತೆಗೆದುಕೊಂಡರೆ ನಿದ್ರೆ ಕೆಡುತ್ತದೆ. ಏಕಾಶನ ಮಾಡುವವರು ಆ ಒಂದು ಊಟವನ್ನು ಮಧ್ಯಾಹ್ನಕ್ಕೆ ತಳ್ಳದೆ ಬೆಳಿಗ್ಗೆ ಬೇಗನೆ ಇಟ್ಟುಕೊಳ್ಳಬಹುದೇ ಎಂದು ವೈದ್ಯರೊಡನೆ ಮಾತಾಡಬಹುದು. ಮುನಿಗಳಿಗೂ ಅಗತ್ಯ ಔಷಧವನ್ನು ಆಹಾರದ ವೇಳೆಯಲ್ಲೇ ಕೊಡುವ ಪದ್ಧತಿ ಇದೆ.

ಉಳಿಯುವುದು ಎರಡು ಕಠಿಣ ಸಂದರ್ಭ. ಒಂದು, ರಾತ್ರಿಯ ಉಬ್ಬಸ. ಆಸ್ತಮಾ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಹೆಚ್ಚು ಕೆರಳುವ ಕಾಯಿಲೆ. ಆಗ ಪಂಪ್ ತೆಗೆದುಕೊಳ್ಳಲೇಬೇಕು. ಶ್ವೇತಾಂಬರ ಸಂಪ್ರದಾಯದ ಪಚ್ಚಕ್ಖಾಣದಲ್ಲಿ ಆಗಾರಗಳು, ಅಂದರೆ ಮೊದಲೇ ಒಪ್ಪಿಕೊಂಡ ವಿನಾಯಿತಿಗಳು ಇವೆ. ಕಾಯಿಲೆಯಿಂದ ಸಮಾಧಿ ಕೆಟ್ಟಾಗ ಔಷಧ ತೆಗೆದುಕೊಳ್ಳುವುದು ಅವುಗಳಲ್ಲೊಂದು. ದಿಗಂಬರ ಶ್ರಾವಕರೂ ನೋಂಪಿ ಹಿಡಿಯುವಾಗ ಮುನಿಗಳ ಅಥವಾ ಭಟ್ಟಾರಕರ ಮುಂದೆ ಕಾಯಿಲೆಯ ವಿಷಯ ತಿಳಿಸಿ, ಔಷಧದ ವಿನಾಯಿತಿಯೊಂದಿಗೇ ನಿಯಮ ಪಡೆಯುವುದು ಸರಿ. ಹೇಳದೆ ನಿಯಮ ಹಿಡಿದು, ನಡುರಾತ್ರಿ ಪಂಪ್ ಹಿಡಿದುಕೊಂಡು ವ್ರತಭಂಗವಾಯಿತೇ ಎಂದು ನಡುಗುವುದಕ್ಕಿಂತ ಇದು ಲೇಸು.

ಎರಡು, ಪೂರ್ಣ ಉಪವಾಸ. ನಿತ್ಯ ಸ್ಟೀರಾಯ್ಡ್ ಮಾತ್ರೆ ಬೇಕಾದವರು ನಿರ್ಜಲ ಉಪವಾಸ ಮಾಡುವುದು ಸುರಕ್ಷಿತವಲ್ಲ. ಮಧುಮೇಹಕ್ಕೂ ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ಇನ್ನೂ ಅಲ್ಲ. ಊನೋದರ, ರಸಪರಿತ್ಯಾಗ, ಸ್ವಾಧ್ಯಾಯ ಇವೂ ತಪಸ್ಸೇ ಎಂದು ಆಗಮಗಳೇ ಬಾಹ್ಯ, ಆಭ್ಯಂತರ ತಪಗಳ ಪಟ್ಟಿಯಲ್ಲಿ ಇಟ್ಟಿವೆ. ಅನಶನ ಹನ್ನೆರಡರಲ್ಲಿ ಒಂದು. ದಶಲಕ್ಷಣ ಬರುವುದು ಮಳೆಗಾಲದಲ್ಲಿ ಎಂಬುದನ್ನೂ ಮರೆಯುವಂತಿಲ್ಲ. ಗೋಡೆಯ ಬೂಸ್ಟು, ಮನೆಮನೆಯ ನೆಗಡಿ, ಬಸದಿಯ ಜನಸಂದಣಿ ಸೇರಿ ಉಬ್ಬಸಕ್ಕೆ ವರ್ಷದ ಕೆಟ್ಟ ಕಾಲಗಳಲ್ಲಿ ಅದೂ ಒಂದು.

ವಯಸ್ಸಾದ ಕೆಲವರು ಇದನ್ನೇ ಔಷಧ ತ್ಯಾಗವೆಂದು, ಸಲ್ಲೇಖನದ ಕಡೆಗಿನ ಹೆಜ್ಜೆಯೆಂದು ಹೇಳುವುದುಂಟು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಹೇಳುವ ಸಂದರ್ಭಗಳಲ್ಲಿ ಕಾಯಿಲೆಯೂ ಇದೆ, ಆದರೆ ಪ್ರತೀಕಾರವೇ ಇಲ್ಲದ ಕಾಯಿಲೆ. ಆಸ್ತಮಾಕ್ಕೆ ಪ್ರತೀಕಾರ ಇದೆ. ಮಾತ್ರೆ ಬಿಟ್ಟು ಉಸಿರುಗಟ್ಟಿ ಒದ್ದಾಡುವಾಗ ಸಮಭಾವವೂ ಉಳಿಯದು.

ಮದ್ದಿನೊಳಗೆ ಏನಿದೆ?

ಇದು ಜೈನ ರೋಗಿಗಳು ಕೇಳುವ, ಆದರೆ ಆಸ್ಪತ್ರೆಗಳಲ್ಲಿ ಉತ್ತರ ಸಿಗದ ಪ್ರಶ್ನೆ. ಪ್ರಶ್ನೆ ಹೊಸದೇನಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕ ಬರೆದಾಗ ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟೇ ವೈದ್ಯ ಹೇಳಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದರು. ಔಷಧ ಬೇಡ ಎನ್ನದೆ, ಎಂಥ ಔಷಧ ಎಂದು ಕೇಳುವುದು ಈ ಪರಂಪರೆಯ ರೀತಿ. ಔಷಧದಾನ ಚತುರ್ವಿಧ ದಾನಗಳಲ್ಲಿ ಒಂದಾಗಿರುವುದೂ ಅದಕ್ಕೇ.

ಇನ್ಹೇಲರ್‌ಗೆ ಹಾಕುವ ಪುಡಿಯ ಕ್ಯಾಪ್ಸೂಲ್‌ಗಳ ಸಿಪ್ಪೆ ಬಹಳಷ್ಟು ಬಾರಿ ಜೆಲಾಟಿನ್, ಅಂದರೆ ಪ್ರಾಣಿಜನ್ಯ. ಸಿಪ್ಪೆಯನ್ನು ನುಂಗುವುದಿಲ್ಲ, ಒಳಗಿನ ಪುಡಿಯನ್ನು ಮಾತ್ರ ಎಳೆಯುವುದು. ಆದರೂ ಮನಸ್ಸು ಒಪ್ಪದವರಿಗೆ ಸಸ್ಯಜನ್ಯ ಸೆಲ್ಯುಲೋಸ್ ಸಿಪ್ಪೆಯ ಕ್ಯಾಪ್ಸೂಲ್‌ಗಳೂ ಇವೆ. ಇನ್ನೂ ಸುಲಭದ ದಾರಿ ಕ್ಯಾಪ್ಸೂಲೇ ಇಲ್ಲದ ಅನಿಲದ ಪಂಪ್. ಪುಡಿಯಲ್ಲಿ ಬೆರೆಸುವುದು ಹೆಚ್ಚಾಗಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಕೆಲವು ಪಂಪ್‌ಗಳಲ್ಲಿ ಅತ್ಯಲ್ಪ ಎಥನಾಲ್ ಇರುತ್ತದೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಬೇಡವೆನಿಸಿದರೆ ಇಲ್ಲದ್ದನ್ನು ಬರೆದುಕೊಡಲು ಕೇಳಬಹುದು. ಡಿ3 ವಿಟಮಿನ್ ಬಹುತೇಕ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಮೆತ್ತನೆಯ ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್. ಕಲ್ಲುಹೂವಿನಿಂದ ತೆಗೆದ ಡಿ3, ಅಣಬೆ ಅಥವಾ ಯೀಸ್ಟ್ ಮೂಲದ ಡಿ2 ಕೂಡ ಉಂಟು, ಅವುಗಳ ಬಗ್ಗೆಯೂ ಅವರವರ ನಿಯಮ ನೋಡಿಕೊಳ್ಳಬೇಕು.

ಇನ್ನು ಸ್ಟೀರಾಯ್ಡಿನ ಮೂಲ. ಮೊದಲ ಕಾರ್ಟಿಸೋನನ್ನು ಎತ್ತಿನ ಪಿತ್ತದಿಂದ ತಯಾರಿಸಿದ್ದರು. ಆಮೇಲೆ ಮೆಕ್ಸಿಕೋದ ಕಾಡುಗೆಣಸು ಆ ಜಾಗಕ್ಕೆ ಬಂತು. ಪ್ರಾಣಿ ಹೋಗಿ ಕಂದಮೂಲ ಬಂದಂತಾಯಿತು! ಈಗ ಸೋಯಾದಂಥ ಎಣ್ಣೆಕಾಳುಗಳ ಸ್ಟೆರಾಲ್‌ಗಳಿಂದಲೂ ತಯಾರಾಗುತ್ತದೆ.

ಶುದ್ಧ ಸಸ್ಯಾಹಾರಿ ಎಂದು ಮಾರುವ ಪೊಟ್ಟಣದ ಪುಡಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 'ಸ್ಟೀರಾಯ್ಡ್ ಇಲ್ಲ, ಬರೀ ಬೇರುನಾರು' ಎಂದು ದಮ್ಮಿಗೆ ಕೊಡುವ ಕೆಲವು ಪುಡಿಗಳಲ್ಲಿ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಮೂರೇ ದಿನದಲ್ಲಿ ಉಬ್ಬಸ ಮಾಯ, ಹಸಿವು ಜಾಸ್ತಿ, ಮುಖ ದುಂಡಗೆ ಎಂದಾದರೆ ಸಂಶಯಪಡಬೇಕು. ಪ್ರತಿ ಜೂನ್‌ನಲ್ಲಿ ಮೃಗಶಿರ ಕಾರ್ತೆಯಂದು ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬ ಕೊಡುವ ಮೀನಿನ ಮದ್ದನ್ನು ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆ. ಅದು ಆಸ್ತಮಾ ಗುಣಪಡಿಸುತ್ತದೆ ಎನ್ನಲು ವೈಜ್ಞಾನಿಕ ಪರೀಕ್ಷೆಯ ಆಧಾರವಿಲ್ಲ. ಅದನ್ನು ನಂಬಿ ಇನ್ಹೇಲರ್ ಬಿಡುವುದಂತೂ ಸಲ್ಲದು.

ಮಾತ್ರೆಯ ಬದಲು ಇಂಜೆಕ್ಷನ್

ಕಳೆದ ಎರಡು ದಶಕಗಳಲ್ಲಿ ತೀವ್ರ ಆಸ್ತಮಾಕ್ಕೆ ಬಯಾಲಜಿಕ್ ಎಂಬ ಬಗೆಯ ಇಂಜೆಕ್ಷನ್‌ಗಳು ಬಂದಿವೆ. ಐಜಿಇ ಹೆಚ್ಚಿರುವ ಅಲರ್ಜಿ ಆಸ್ತಮಾಕ್ಕೆ ಒಮಾಲಿಝುಮ್ಯಾಬ್, ರಕ್ತದಲ್ಲಿ ಇಯೋಸಿನೋಫಿಲ್ ಕಣ ಹೆಚ್ಚಿದ್ದರೆ ಮೆಪೊಲಿಝುಮ್ಯಾಬ್, ಬೆನ್ರಾಲಿಝುಮ್ಯಾಬ್. ಎರಡರಿಂದ ಎಂಟು ವಾರಕ್ಕೊಮ್ಮೆ ಚರ್ಮದಡಿ ಕೊಡುತ್ತಾರೆ. ಸರಿಯಾದ ರೋಗಿಗೆ ಕೊಟ್ಟರೆ ದೊಡ್ಡ ಉಬ್ಬಸಗಳು ಸುಮಾರು ಅರ್ಧದಷ್ಟು ಇಳಿಯುತ್ತವೆ, ಇಯೋಸಿನೋಫಿಲ್ ಬಗೆಯವರಲ್ಲಿ ಎಷ್ಟೋ ಮಂದಿ ಮಾತ್ರೆಯನ್ನು ಇಳಿಸಲು, ಕೆಲವರು ಪೂರ್ತಿ ಬಿಡಲು ಸಾಧ್ಯವಾಗಿದೆ. ಬೆಲೆ ಮಾತ್ರ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ, ಬಹುಕಾಲ ಬೇಕು. ವಿಮೆಯಲ್ಲಿ ಸೇರಿದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಇವನ್ನು ತಯಾರಿಸುವುದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ದಶಕಗಳ ಹಿಂದೆ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದಿರುವ ಜೀವಕೋಶಗಳಲ್ಲಿ. ಪ್ರತಿ ಡೋಸಿಗೆ ಪ್ರಾಣಿಯನ್ನು ಕೊಲ್ಲುವುದಿಲ್ಲ. ಇದನ್ನು ಒಪ್ಪುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಸೇರಿದ್ದು. ಆದರೆ ಒಪ್ಪದಿದ್ದರೆ ಉಳಿಯುವ ದಾರಿ ಸ್ಟೀರಾಯ್ಡ್ ಮಾತ್ರೆಯೇ ಆಗಿರಬಹುದು ಎಂಬುದನ್ನೂ ಜೊತೆಗಿಟ್ಟು ಯೋಚಿಸಬೇಕು.

ಮಾತ್ರೆ ಶುರುವಾದವರು ಜೇಬಿನಲ್ಲಿ, ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಮಾತ್ರೆಯ ಹೆಸರು, ಡೋಸ್, ಶುರುವಾದ ದಿನಾಂಕ, ಒಮ್ಮೆಗೇ ನಿಲ್ಲಿಸಬಾರದು ಎಂಬ ಸೂಚನೆ, ವೈದ್ಯರ ಫೋನ್ ನಂಬರ್, ಜ್ವರ ಬಂದಾಗ ಡೋಸ್ ಎಷ್ಟು ಹೆಚ್ಚಿಸಬೇಕು, ವಾಂತಿಯಾದರೆ ಇಂಜೆಕ್ಷನ್‌ಗೆ ಎಲ್ಲಿಗೆ ಹೋಗಬೇಕು ಎಂಬ ವಿವರ. ಶಿಖರ್ಜಿ, ಶ್ರವಣಬೆಳಗೊಳ, ಪಾಲಿತಾಣದಂಥ ಬೆಟ್ಟದ ಕ್ಷೇತ್ರಗಳಿಗೆ ಯಾತ್ರೆ ಹೋಗುವಾಗ ಅದರ ಒಂದು ಪ್ರತಿ ಜೊತೆಗಾರರ ಬಳಿಯೂ ಇರಲಿ; ಮಾತ್ರೆಯನ್ನು ಎರಡು ಭಾಗ ಮಾಡಿ, ಒಂದನ್ನು ದೊಡ್ಡ ಬ್ಯಾಗಿನಲ್ಲಿ, ಇನ್ನೊಂದನ್ನು ಪಂಪ್ ಸಹಿತ ಮೈಮೇಲಿನ ಕೈಚೀಲದಲ್ಲಿ ಇಟ್ಟುಕೊಂಡು ಬೆಟ್ಟ ಹತ್ತಬೇಕು.